ಏಳನೆಯ ಸೂಜಿ

ನಮ್ಮ ಬೀದಿಯ ತಿರುವಿನ ಮನೆಯಲ್ಲಿದ್ದ ಸಿಸ್ಟರ್ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ರೋಗಿಯ ಹೊಟ್ಟೆಯನ್ನು ಹೊಲಿದು ಮುಚ್ಚುವ ಮೊದಲು ಸೂಜಿ, ಕತ್ತರಿ, ಹತ್ತಿಬಟ್ಟೆಯ ತುಂಡುಗಳನ್ನೆಲ್ಲ ಗಟ್ಟಿಯಾಗಿ ಎಣಿಸಿ ಒಪ್ಪಿಸುವುದು ಅವರ ಕೆಲಸವಾಗಿತ್ತು. ಎಣಿಕೆ ತಾಳೆಯಾಗದಿದ್ದರೆ ಎಂಥ ದೊಡ್ಡ ಡಾಕ್ಟರ ಕೈಯನ್ನೂ ತಡೆಯುತ್ತಿದ್ದರು. "ನಿಲ್ಲಿಸಿ ಸಾರ್, ಒಂದು ಕಡಿಮೆ ಇದೆ" ಎಂದರೆ ಮುಗಿಯಿತು, ಅದು ಸಿಗುವವರೆಗೆ ಯಾರೂ ಅಲುಗಾಡುವಂತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಎಣಿಕೆ ಸಿಸ್ಟರ್.

ನಿವೃತ್ತಿಯಾದ ಮೇಲೆ ಅವರು ಉಲ್ಲನ್ ಹೆಣಿಗೆಗೆ ಮನಸೋತರು. ಬೆಳಗಿನ ಕೆಲಸ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತರೆಂದರೆ ಕಡ್ಡಿಗಳ ಸಣ್ಣ ಸದ್ದು ಬೀದಿಗೂ ಕೇಳಿಸುತ್ತಿತ್ತು. ಕನ್ನಡಕಕ್ಕೆ ಚೀಲ, ಫೋನಿಗೆ ಚೀಲ, ನೀರಿನ ಬಾಟಲಿಗೆ ಅಂಗಿ, ಕುರ್ಚಿಯ ನಾಲ್ಕು ಕಾಲಿಗೂ ಕಾಲುಚೀಲ. ಗಡಿಯಾರ ರಿಪೇರಿ ಮಾಡುವ ಅವರ ಗಂಡ, "ಇನ್ನು ಈ ಮನೆಯಲ್ಲಿ ಬರಿಮೈಯಲ್ಲಿ ಇರೋದು ನನ್ನ ಬೋಳುತಲೆ ಒಂದೇ ಕಣೇ" ಎಂದು ನಗುತ್ತಿದ್ದರು. ಮಾರನೆಯ ವಾರ ಅದಕ್ಕೂ ಟೋಪಿ ಬಂತು.

ಥಿಯೇಟರಿನ ನಿಯಮ ಮಾತ್ರ ಮನೆಗೂ ಬಂದಿತ್ತು. ಡಬ್ಬಿಯಲ್ಲಿ ಹೊಲಿಗೆಯ ಸೂಜಿಗಳು ಏಳು. ಕೆಲಸಕ್ಕೆ ಕೂರುವಾಗ ಒಮ್ಮೆ, ಕಡೆಯ ದಾರ ಕತ್ತರಿಸುವಾಗ ಇನ್ನೊಮ್ಮೆ ಅವರು ಎಣಿಸುತ್ತಿದ್ದರು. ಎರಡನೆಯ ಎಣಿಕೆ ಆಗುವ ತನಕ ಅವರ ಮಡಿಲಿನಿಂದ ಯಾರೂ ಬಟ್ಟೆಯನ್ನು ಎತ್ತುವಂತಿರಲಿಲ್ಲ.

ಆ ನಿಯಮ ತಪ್ಪಿದ್ದು ಮಗಳು ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಟ ದಿನ. ನಾಲ್ಕು ತಿಂಗಳ ಮೊಮ್ಮಗಳಿಗೆಂದು ಹೆಣೆದ ಹಳದಿ ಸ್ವೆಟರಿನ ಎಡ ಭುಜಕ್ಕೆ ಮೂರು ಗುಂಡಿಗಳನ್ನು ಹಾಕುವುದಷ್ಟೇ ಉಳಿದಿತ್ತು. ಗುಂಡಿಯ ತೂತು ಕಿರಿದು. ಉಲ್ಲನ್ ಹೊಲಿಯುವ ಮೊಂಡು ಸೂಜಿ ತೂರುವುದಿಲ್ಲವೆಂದು ತೆಳುವಾದ ಚೂಪು ಸೂಜಿ ತೆಗೆದುಕೊಂಡಿದ್ದರು. ಅಳಿಯ ಗೇಟಿನ ಬಳಿ ಬ್ಯಾಗು ಹಿಡಿದು ನಿಂತಿದ್ದ.

"ಅತ್ತೆ, ಬಸ್ಸು ಕಾಯಲ್ಲ. ಇದೇನು ಆಪರೇಷನ್ನಾ? ಮೂರು ಗುಂಡಿಗೆ ಮುಕ್ಕಾಲು ಗಂಟೆ!"

"ಎರಡೇ ನಿಮಿಷ, ದಾರ ಕತ್ತರಿಸಿಬಿಡ್ತೀನಿ."

ದಾರ ಕತ್ತರಿಸಿದ್ದೇ ತಡ, ಮಗಳು ಸ್ವೆಟರನ್ನು ಸೆಳೆದುಕೊಂಡು ಮಗುವಿಗೆ ತೊಡಿಸಿಬಿಟ್ಟಳು. ಸಿಸ್ಟರ್ ಬಾಗಿಲವರೆಗೆ ಬಂದು ಕೈಬೀಸಿದರು. ಆಮೇಲೆ ಒಳಗೆ ಬಂದು, ಡಬ್ಬಿ ಮುಚ್ಚುವ ಮುನ್ನ ಎಣಿಸಿದರು.

ಆರು.

ಮತ್ತೆ ಎಣಿಸಿದರು. ಆರೇ.

ಕುರ್ಚಿಯ ದಿಂಬು ಎತ್ತಿದರು, ಸೆರಗು ಕೊಡವಿದರು, ಉಲ್ಲನ್ ಉಂಡೆಗಳನ್ನೆಲ್ಲ ನೆಲಕ್ಕೆ ಸುರಿದರು. ಗಂಡ ಅಂಗಡಿಗೆ ಹೊರಟವರು ಚಪ್ಪಲಿ ಬಿಟ್ಟು ಒಳಬಂದು, ಸಣ್ಣ ಸ್ಕ್ರೂ ಹುಡುಕುವ ತಮ್ಮ ಅಯಸ್ಕಾಂತವನ್ನು ಚಾಪೆಯ ಮೇಲೆ ಆಡಿಸಿದರು. ಟಿಕ್ ಎಂದು ಏನೋ ಅಂಟಿತು. ಸಿಸ್ಟರಿಗೆ ಹೋದ ಜೀವ ಬಂದಂತಾಯಿತು. ನೋಡಿದರೆ ತಲೆಗೂದಲಿನ ಪಿನ್ನು.

"ಮಗಳಿಗೆ ಫೋನ್ ಮಾಡು," ಎಂದರು ಗಂಡ.

"ಇಲ್ಲೇ ಎಲ್ಲೋ ಬಿದ್ದಿರುತ್ತೆ, ಇನ್ನೊಂದು ಸಲ ನೋಡೋಣ."

"ಅಳಿಯ ಆಡಿಕೊಳ್ತಾನೆ ಅಂತಾನಾ?"

ಸಿಸ್ಟರ್ ಹಾಸಿಗೆ ಕೊಡವಿದರು, ಕಸದಬುಟ್ಟಿ ಬೋರಲು ಹಾಕಿದರು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಸರಿದಿತ್ತು. ಸೂಜಿ ಈ ಮನೆಯಲ್ಲಿಲ್ಲವೆಂದು ಅವರ ಬೆರಳುಗಳಿಗೆ ಆಗಲೇ ತಿಳಿದಿತ್ತು, ಒಪ್ಪಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ಫೋನು ಎತ್ತಿಕೊಂಡರು.

ಮಗಳ ದನಿಗಿಂತ ಮೊದಲು ಕಿವಿಗೆ ಬಿದ್ದದ್ದು ಮಗುವಿನ ಚೀರಾಟ.

"ಅಮ್ಮಾ, ಬಸ್ಸು ಹತ್ತಿದಾಗಿನಿಂದ ಒಂದೇ ಸಮ ಅಳ್ತಾ ಇದೆ. ಹಾಲು ಕೊಟ್ರೂ ಬೇಡ, ಭುಜದ ಮೇಲೆ ಹಾಕ್ಕೊಂಡು ತಟ್ಟಿದ್ರೂ..."

"ತಟ್ಟಬೇಡ!"

ಆ ದನಿ ಕೇಳಿ ಗಂಡನೇ ಬೆಚ್ಚಿದರು. ಮೂವತ್ತೊಂದು ವರ್ಷ ಡಾಕ್ಟರುಗಳನ್ನು ತಡೆದು ನಿಲ್ಲಿಸಿದ ದನಿ ಅದು.

"ಕೇಳು. ಗಾಬರಿ ಆಗಬೇಡ. ಸ್ವೆಟರಿನಲ್ಲಿ ಸೂಜಿ ಉಳಿದಿದೆ. ಮಗುವನ್ನ ಒತ್ತಬೇಡ, ಕಂಕುಳಿಗೆ ಕೈಹಾಕಿ ಎತ್ತಬೇಡ. ತೊಡೆ ಮೇಲೆ ಅಂಗಾತ ಮಲಗಿಸು. ಫೋನು ಅಳಿಯಂದಿರ ಕೈಗೆ ಕೊಡು."

ಆಚೆ ಕಡೆ ಮಗಳು "ಅಯ್ಯೋ" ಎಂದದ್ದು, ಅಳಿಯ "ಗಾಡಿ ನಿಲ್ಸಿ, ಗಾಡಿ ನಿಲ್ಸಿ" ಎಂದು ಕೂಗಿದ್ದು, ಬ್ರೇಕಿನ ಕಿರುಚು, ಎಲ್ಲವೂ ಒಟ್ಟೊಟ್ಟಿಗೆ ಕೇಳಿಸಿದವು.

"ಗುಂಡಿ ಬಿಚ್ಚಿ ತಲೆಯಿಂದ ಎಳೀತೀನಿ ಅತ್ತೆ," ಎಂದ ಅಳಿಯ. ಫೋನನ್ನು ಸ್ಪೀಕರಿಗೆ ಹಾಕಿದ್ದ.

"ಬೇಡ. ಎಳೆದರೆ ಸೂಜಿ ಒಳಕ್ಕೆ ಹೋಗುತ್ತೆ. ಗುಂಡಿ ಇರೋ ಭುಜ ಮುಟ್ಟಲೇಬೇಡಿ. ಸ್ವೆಟರ್ ಕತ್ತರಿಸಿ."

"ಅಮ್ಮಾ, ಎರಡು ತಿಂಗಳು ಹೆಣೆದಿದ್ದೀಯ..." ಎಂದು ಮಗಳು ಅಳುತ್ತಲೇ ಅಂದಳು.

"ಕತ್ತರಿಸು ಅಂದೆ! ಕತ್ತರಿ ಯಾರ ಹತ್ತಿರ ಇದೆ ಕೇಳು."

ಹಿಂದಿನ ಸೀಟಿನಲ್ಲಿ ಒಬ್ಬ ಕ್ಷೌರಿಕ ತನ್ನ ಚೀಲ ಹಿಡಿದು ಕುಳಿತಿದ್ದ. ಎದ್ದು ಬಂದು, "ನಿಮ್ಮ ಕೈ ನಡುಗ್ತಾ ಇದೆ, ಬಿಡಿ ಸ್ವಾಮಿ. ಒದ್ದಾಡೋ ಮಕ್ಕಳ ತಲೆಗೆ ದಿನಾ ಕತ್ತರಿ ಹಾಕೋನು ನಾನು. ಅಮ್ಮಾವ್ರು ಹೇಳಲಿ, ಹೇಳಿದ ಹಾಗೆ ಮಾಡ್ತೀನಿ" ಎಂದ. ತಡವಾಯಿತೆಂದು ಗೊಣಗಿದ ಯಾರಿಗೋ ಕಂಡಕ್ಟರು "ಆಫೀಸು ಎಲ್ಲಿಗೂ ಓಡಿಹೋಗಲ್ಲ, ಸುಮ್ನಿರಯ್ಯ" ಎಂದು ಗದರಿದ.

"ಹೊಟ್ಟೆ ಹತ್ತಿರದ ಅಂಚಿನಿಂದ ಶುರು ಮಾಡಪ್ಪ," ಎಂದರು ಸಿಸ್ಟರ್. "ನಿನ್ನ ಎಡಗೈಯ ಎರಡು ಬೆರಳು ಒಳಗೆ ಇಟ್ಟುಕೋ, ಕತ್ತರಿ ಅದರ ಮೇಲೆ ಬರಲಿ. ನೇರ ಕತ್ತಿನ ತನಕ."

ಕರ್ ಕರ್ ಎಂದು ಉಲ್ಲನ್ ಕತ್ತರಿಸುವ ಸದ್ದು ಫೋನಿನಲ್ಲಿ ಕೇಳಿಸಿತು. ಹೆಣಿಗೆ ಬಲ್ಲವರು ಆ ಸದ್ದಿಗೆ ಹಲ್ಲು ಕಚ್ಚುತ್ತಾರೆ. ಸಿಸ್ಟರ ಕಣ್ಣಿನ ರೆಪ್ಪೆಯೂ ಅಲುಗಲಿಲ್ಲ.

"ಆಯ್ತಮ್ಮ."

"ಈಗ ಎಡತೋಳು, ಮಣಿಕಟ್ಟಿನಿಂದ ಭುಜದ ಹತ್ತಿರಕ್ಕೆ. ಭುಜ ಬರುವ ಮೊದಲೇ ನಿಲ್ಲಿಸು. ನಿಲ್ಲಿಸಿದೆಯಾ? ಇನ್ನು ಭುಜದ ಪಟ್ಟಿಯನ್ನ ಮೇಲಕ್ಕೆ, ನೆಟ್ಟಗೆ ಎತ್ತು. ಪಕ್ಕಕ್ಕೆ ಎಳೀಬೇಡ."

ಮಗು ಒಮ್ಮೆ ಜೋರಾಗಿ ಕಿರುಚಿತು. ಸಿಸ್ಟರ್ ಗೋಡೆಗೆ ಕೈಕೊಟ್ಟು ನಿಂತರು. ಆಮೇಲೆ ಅಳು ತಗ್ಗಿ ಬಿಕ್ಕಳಿಕೆಯಾಯಿತು.

"ಸಿಕ್ತು!" ಅಳಿಯ ಕೂಗಿದ. "ಪಟ್ಟಿಯ ಎರಡು ಪದರದ ಮಧ್ಯೆ ಇತ್ತು ಅತ್ತೆ. ಭುಜದ ಮೇಲೆ ಕೆಂಪಗೆ ಗೀರು ಬಿದ್ದಿದೆ, ಅಷ್ಟೇ."

"ಅಷ್ಟೇ ಅಲ್ಲ. ಸೂಜಿ ಕೈಯಲ್ಲಿದೆಯಾ? ತುದಿ ನೋಡಿ. ಚೂಪಾಗಿದೆಯೋ, ಮುರಿದಿದೆಯೋ?"

ಗಂಡ ಹತ್ತಿರ ಬಂದು ನಿಂತರು. ತುಂಡು ಒಳಗೆ ಉಳಿದರೆ ಏನಾಗುತ್ತದೆಂದು ಅವರಿಬ್ಬರಲ್ಲಿ ಬಲ್ಲವರು ಒಬ್ಬರೇ.

"ತುದಿ ಇದೆ ಅತ್ತೆ. ಸಾಕ್ಷಿಗೆ ನನ್ನ ಹೆಬ್ಬೆರಳಿಗೂ ಚುಚ್ಚಿತು."

ಸಿಸ್ಟರ್ ಮೆಲ್ಲನೆ ನೆಲದ ಮೇಲೆ ಕುಳಿತರು. "ಊರು ತಲುಪಿದ ಕೂಡಲೇ ಡಾಕ್ಟರಿಗೆ ತೋರಿಸಿ," ಎಂದರು. ಗಂಡ ಫೋನಿಗೆ ಕೈಚಾಚಿದರು, ಅವರು ಕೊಡಲಿಲ್ಲ.

"ಅಳಿಯಂದಿರೇ, ಇನ್ನೊಂದು ಮಾತು. ಅವಸರ ಮಾಡಿದ್ದು ನೀವು ಅಂತ ನಾನು ಹೇಳೋದಿಲ್ಲ. ಎಣಿಸದೆ ಬಟ್ಟೆ ಬಿಟ್ಟಿದ್ದು ನಾನು. ಸೂಜಿ ಇಲ್ಲ ಅಂತ ಗೊತ್ತಾದ ಮೇಲೂ ನಾಚಿಕೆಗೆ ಹತ್ತು ನಿಮಿಷ ಫೋನ್ ಮಾಡದೆ ಕೂತೆ. ಆ ಹತ್ತು ನಿಮಿಷ ಮಗು ಅತ್ತಿದೆ. ಅದು ನಿಮಗೆ ಗೊತ್ತಿರಬೇಕು."

 

"ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎಂದ ಅಳಿಯ. "ನಾನೂ ಗೇಟಿನ ಹತ್ತಿರ ಬಾಯಿಗೆ ಬಂದಿದ್ದು ಅಂದೆ. ಬಿಡಿ ಅತ್ತೆ. ಇವಳಿಗೆ ಈಗ ಹೊದಿಸೋಕೆ ಏನೂ ಇಲ್ಲ, ನನ್ನ ಶರ್ಟಿನಲ್ಲೇ ಸುತ್ತಿದ್ದೀನಿ. ಮುಂದಿನ ಸಲ ಬಂದಾಗ ಇನ್ನೊಂದು ಸ್ವೆಟರ್ ಕೊಡ್ತೀರಾ?"

"ಕೊಡ್ತೀನಿ," ಎಂದರು ಸಿಸ್ಟರ್. "ಆದರೆ ನಾನು ಎಣಿಸಿ ಕೊಡೋ ತನಕ ನೀವು ಕಾಯಬೇಕು."

"ಬಸ್ಸು ಹೋದರೆ ಹೋಗಲಿ," ಎಂದ ಅಳಿಯ. ಕಂಡಕ್ಟರಿನ ಸೀಟಿ ಕೇಳಿಸಿತು, ಗಾಡಿ ಹೊರಟಿತು.