ಎದುರಿನ ಕುರ್ಚಿಗೆ ಒಂದು ಮೆಂಬರ್‌ಶಿಪ್

ನಮ್ಮ ಭಾವ ಪುಂಡರೀಕಾಕ್ಷ ರಾಯರು ಕೂತದ್ದನ್ನು ಥಾಣೆಯಲ್ಲಿ ಬಹಳ ಜನ ನೋಡಿದ್ದಾರೆ. ನೌಪಾಡಾದ ಅವರ ಹೋಟೆಲಿಗೆ ಇಡ್ಲಿ ತಿನ್ನಲು ಹೋದವರೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಅರ್ಧ ತೋಳಿನ ಶರ್ಟು ಹಾಕಿಕೊಂಡು ಕೂತ ಅವರನ್ನು ನೋಡಿಯೇ ಒಳಗೆ ಹೋಗಬೇಕು. ಆದರೆ ಅವರು ಕೂತು ಊಟ ಮಾಡಿದ್ದನ್ನು ನೋಡಿದವರು ಯಾರೂ ಇಲ್ಲ. ಅವರ ಹೆಂಡತಿ, ಅಂದರೆ ನನ್ನ ಅಕ್ಕ ವಾರಿಜಾ ಕೂಡ ನೋಡಿಲ್ಲ.

ಇದಕ್ಕೆ ಕಾರಣ ಭಾವನ ಸ್ವಭಾವಕ್ಕಿಂತ ಅವರ ಕಸುಬು. ಹೋಟೆಲಿನ ಧಣಿ ತನ್ನದೇ ಹೋಟೆಲಿನ ಟೇಬಲ್ಲಿನಲ್ಲಿ ಕೂತು ಉಣ್ಣುವುದು ನಮ್ಮವರಲ್ಲಿ ಇಲ್ಲ. ಧಣಿ ಕೂತ ಕುರ್ಚಿಯಲ್ಲಿ ಒಬ್ಬ ಗಿರಾಕಿ ಕೂರಬಹುದಿತ್ತು ಎಂಬ ಯೋಚನೆ ಅನ್ನದ ಜೊತೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಡಿಗೆಮನೆಯ ಮೂಲೆಯಲ್ಲಿ ಅಕ್ಕಿ ಮೂಟೆಗೆ ಒರಗಿ ನಿಂತು, ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಕಣ್ಣು ಹೊರಗಿನ ಟೇಬಲ್ಲುಗಳ ಮೇಲೆ ಇಟ್ಟು ಉಂಡು ಮುಗಿಸುತ್ತಾರೆ. ಹೀಗೆ ಉಂಡೂ ಉಂಡೂ ಅನ್ನ ಕಂಡ ಕೂಡಲೇ ಅವರ ಮೊಣಕಾಲು ಬಗ್ಗುವುದನ್ನೇ ಮರೆತುಬಿಟ್ಟಿದೆ. ಮನೆಗೆ ಬಂದರೂ ಫ್ರಿಜ್ಜಿನ ಬಾಗಿಲಿಗೆ ಒರಗಿ ಮೊಸರನ್ನ.

ಅಕ್ಕ ಚಿನ್ನ ಕೇಳಿದವಳಲ್ಲ, ಘೋಡ್‌ಬಂದರ್ ರೋಡಿನಲ್ಲಿ ದೊಡ್ಡ ಫ್ಲ್ಯಾಟು ಕೇಳಿದವಳಲ್ಲ. ಅವಳು ಕೇಳಿದ್ದು ಒಂದೇ. "ಹೊರಗೆ ಎಲ್ಲಾದ್ರೂ ಒಂದು ಸಲ ಇವರು ನನ್ನ ಎದುರು ಕೂತು ಉಣ್ಬೇಕು. ನಾನು ಕೈ ತೊಳೆಯುವ ತನಕ ಏಳ್ಬಾರ್ದು."

ಪ್ರಯತ್ನ ಆಗಲಿಲ್ಲ ಎಂದಲ್ಲ. ಥಾಣೆಯ ಯಾವ ಶಾಕಾಹಾರಿ ಹೋಟೆಲಿಗೆ ಹೋದರೂ ಗಲ್ಲಾದಲ್ಲಿ ಕೂತವನು ನಮ್ಮ ಉಡುಪಿ ಕಡೆಯ ಶಿರ್ವದವನೋ ಬೈಂದೂರಿನವನೋ ಆಗಿರುತ್ತಾನೆ. "ಓ ರಾಯರು, ಬನ್ನಿ ಬನ್ನಿ, ಹೊಸ ಗ್ರೈಂಡರ್ ಬಂದಿದೆ, ನೋಡ್ಬೇಕು ನೀವು" ಎನ್ನುತ್ತಾನೆ. ಭಾವ ಗ್ರೈಂಡರ್ ನೋಡಲು ಒಳಗೆ ಹೋದರೆ ಅಕ್ಕ ಮತ್ತು ನಾನು ಉಂಡು, ಬೀಡಾ ಅಗಿದು ಮುಗಿಸಿದ ಮೇಲೆ ಹೊರಗೆ ಬರುತ್ತಾರೆ. ಒಮ್ಮೆ ಅಕ್ಕ ಹಟ ಹಿಡಿದು ಲೋನಾವಳದಲ್ಲಿ ಪಂಜಾಬಿ ಬೋರ್ಡು ಇದ್ದ ಹೋಟೆಲನ್ನೇ ಆರಿಸಿದಳು. ತಂದೂರಿನ ಹೊಗೆಯ ನಡುವಿನಿಂದ ತಲೆ ಹೊರಗೆ ಹಾಕಿದ ಅಡಿಗೆಯವನು ಕುಂದಾಪುರದವನಾಗಿದ್ದ.

ಈ ಎಲ್ಲ ಊಟಗಳಿಗೂ ನಾನು ಸಾಕ್ಷಿ. ಡೋಂಬಿವಲಿಯಲ್ಲಿ ಮನೆ, ರಬಾಳೆಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಬೇರೆಯವರ ಖರ್ಚಿನ ಊಟಕ್ಕೆ ಇಲ್ಲ ಎನ್ನದ ಗುಣ, ಇವಿಷ್ಟು ನನ್ನ ಅರ್ಹತೆ. ಭಾವ ಎದ್ದುಹೋದ ಕುರ್ಚಿಯಲ್ಲಿ ಕೂತು ಕೂತೇ ನನ್ನ ಹೊಟ್ಟೆ ಈ ಆಕಾರಕ್ಕೆ ಬಂದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಉಪಾಯ ಹೂಡಿದವಳು ಅಕ್ಕನ ಮಗಳು ಅನಘ. ಥಾಣೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೂ ಹೊಗಳಿದರೂ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಒಂದು ಭಾನುವಾರ, ವಿಮಾನಕ್ಕೆ ಕಾಯುವವರು ಕೂತು ಉಣ್ಣುವ ಏರ್‌ಪೋರ್ಟ್ ಲೌಂಜಿನ ವಾರ್ಷಿಕ ಮೆಂಬರ್‌ಶಿಪ್ ಬಗ್ಗೆ ಮೊಬೈಲಿನಲ್ಲಿ ತೋರಿಸಿದಳು.

"ಪಪ್ಪಾ, ಉಧರ್ ಗಲ್ಲಾ ಹೀ ನಹೀ ಹೈ. ಬಿಲ್ ನಹೀ, ಮಾಲಿಕ್ ನಹೀ, ಕಿಚನ್ ಮೇ ಜಾನಾ ಅಲೌಡ್ ನಹೀ. ಆಪ್ ಕರೋಗೇ ಕ್ಯಾ? ಬೈಠೋಗೇ."

"ಬಿಲ್ಲಿಲ್ಲದೆ ಹೇಗೆ ನಡೀತದೆ ಅದು?" ಎಂದು ಭಾವ ನನ್ನನ್ನು ಕೇಳಿದರು.

"ಇಡೀ ವರ್ಷದ್ದು ಮೊದಲೇ ಕೊಡುವುದು ಭಾವ."

"ಉಣ್ಣುವ ಮೊದಲೇ?"

"ಮೊದಲೇ."

"ಆಮೇಲೆ ಉಣ್ಲಿಕ್ಕೆ ಬರದಿದ್ರೆ?"

"ಬರದಿದ್ರೂ ಕೊಟ್ಟದ್ದು ಕೊಟ್ಟದ್ದೇ."

ಭಾವ ಮೊಬೈಲನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಕೇಳಿದವರಿಗೆಲ್ಲ ಕೇಳಿದಷ್ಟು ಸಾಂಬಾರು ಸುರಿದು ಬದುಕಿದ ಮನುಷ್ಯ. "ಇದನ್ನು ಕಂಡುಹಿಡಿದವ ಯಾರೋ ನಮ್ಮ ಕಡೆಯವನೇ" ಎಂದರು, ಗೌರವದಿಂದ.

ಆಮೇಲೆ ಸಾಧಕ ಬಾಧಕಗಳ ಚರ್ಚೆ ನಡೆಯಿತು. ತಣ್ಣಗಿನ ಜಾಗ, ಮೆತ್ತನೆಯ ಸೋಫಾ, ಬೇಕಾದಷ್ಟು ಕಾಫಿ, ಫೋನಿಗೆ ಚಾರ್ಜು, ಬೇಕಾದರೆ ಸ್ನಾನ, ಯಾವ ಗಲಾಟೆಯೂ ಇಲ್ಲದ ಶಾಂತಿ, ಗಂಡ ಹೆಂಡತಿ ಇಬ್ಬರಿಗೂ ಪ್ರವೇಶ, ಜೊತೆಗೊಬ್ಬ ಅತಿಥಿ, ಇವು ಅನಘ ಓದಿದ ಲಾಭಗಳು. ಭಾವ ಹೇಳಿದ್ದು ಕಡಿಮೆ. "ನಾವು ವಿಮಾನ ಹತ್ತುವುದು ವರ್ಷಕ್ಕೆ ಒಂದೋ ಎರಡೋ ಸಲ. ಬಾಕಿ ದಿನ ನಮ್ಮ ಪಾಲಿನ ಇಡ್ಲಿ ಯಾರು ತಿನ್ನುವುದು?" ಜಾಗ ಸಿಗದೆ ಲೌಂಜಿನ ಹೊರಗೆ ಜನ ಕ್ಯೂ ನಿಲ್ಲುತ್ತಾರಂತೆ ಎಂದೂ ಯಾರೋ ಹೇಳಿದ್ದರು. ಅದು ನನಗೆ ದೊಡ್ಡ ದೋಷವಾಗಿ ಕಾಣಲಿಲ್ಲ. ಫಸ್ಟ್ ಕ್ಲಾಸ್ ಪಾಸು ತೆಗೆದು ಡೋಂಬಿವಲಿಯಿಂದ ದಿನವೂ ನಿಂತೇ ಹೋಗುವವನು ನಾನು. ಕೂರುವುದಕ್ಕೆ ಮುಂಗಡ ದುಡ್ಡು ಕೊಟ್ಟು ನಿಂತಿರುವುದು ನನಗೆ ಅಭ್ಯಾಸ.

ಜೊತೆಗೆ ನಾನೊಂದು ಬುದ್ಧಿವಾದವನ್ನೂ ಹೇಳಿದೆ. ಮೆಂಬರ್‌ಶಿಪ್ಪಿಗೆ ದುಡ್ಡು ಸುರಿಯುವುದು ದಡ್ಡತನ, ನನ್ನ ಬ್ಯಾಂಕಿನ ಕಾರ್ಡು ತೋರಿಸಿದರೆ ಲೌಂಜು ಪುಕ್ಕಟೆ, ತಿಳಿದವರು ಹಾಗೆ ಮಾಡುತ್ತಾರೆ ಎಂದೆ.

"ಒಂದು ಸಲ ಕೂತರೆ ವರ್ಷದ್ದು ವಸೂಲು" ಎಂದು ಅಕ್ಕ ಚರ್ಚೆಯನ್ನು ಮುಗಿಸಿದಳು. ಮೆಂಬರ್‌ಶಿಪ್ ಬಂತು.

ಸಂದರ್ಭವೂ ಒದಗಿತು. ದೊಡ್ಡಮ್ಮನ ಮಗ ಅಂಬರೀಶನಿಗೆ ಉಡುಪಿಯಲ್ಲಿ ಅರವತ್ತರ ಶಾಂತಿ. ನಾವು ಮೂವರು ಹಿಂದಿನ ದಿನ ಮಧ್ಯಾಹ್ನದ ವಿಮಾನಕ್ಕೆ ಮಂಗಳೂರಿಗೆ ಹೊರಟೆವು. ಅಕ್ಕ ಕಡುಗೆಂಪಿನ ರೇಷ್ಮೆ ಸೀರೆ ಉಟ್ಟಿದ್ದಳು. "ಶಾಂತಿ ನಾಳೆ ಅಲ್ವಾ ಅಕ್ಕ?" ಎಂದೆ. "ಅದು ನಾಳೆಯದ್ದು. ಇದು ಇವತ್ತಿಂದು" ಎಂದಳು.

ಲೌಂಜಿನ ಬಾಗಿಲಲ್ಲಿ ನಿಜವಾಗಿಯೂ ಕ್ಯೂ ಇತ್ತು. ನನ್ನ ಸರದಿ ಬಂದಾಗ ಕಾರ್ಡನ್ನು ಎರಡು ಬೆರಳಿನಲ್ಲಿ ಹಿಡಿದು, ಸಿನಿಮಾ ನಟರಂತೆ ಮುಂದೆ ಚಾಚಿದೆ. ಮೇಜಿನ ಹಿಂದಿನ ಹುಡುಗಿ ಅದನ್ನು ಉಜ್ಜಿದಳು, ಯಂತ್ರವನ್ನು ನೋಡಿದಳು, ನನ್ನನ್ನು ಮರುಕದಿಂದ ನೋಡಿದಳು.

"ಸರ್, ಪಿಛಲೇ ತೀನ್ ಮಹೀನೇ ಮೇ ಆಪ್ಕಾ ಖರ್ಚಾ ಕಮ್ ಹೈ. ಲೌಂಜ್ ನಹೀ ಮಿಲೇಗಾ."

ನಾನು ಸಾಕಷ್ಟು ಖರ್ಚು ಮಾಡುವುದಿಲ್ಲ ಎಂಬುದನ್ನು ಡೋಂಬಿವಲಿಯಲ್ಲಿ ಹೇಳಿದರೆ ಅದು ಹೊಗಳಿಕೆ. ಅಲ್ಲಿ, ಇಡೀ ಕ್ಯೂ ಕೇಳಿಸಿಕೊಳ್ಳುವಂತೆ ಹೇಳಿದಾಗ ಕಿವಿ ಬಿಸಿಯಾಯಿತು. ಭಾವ ಹಿಂದಿನಿಂದ ಕೈ ಚಾಚಿ ನನ್ನ ಕಾರ್ಡನ್ನು ನನ್ನ ಕಿಸೆಗೇ ಹಾಕಿದರು.

"ಹಮಾರಾ ಗೆಸ್ಟ್ ಹೈ, ಲಿಖೋ" ಎಂದು ಹುಡುಗಿಗೆ ಹೇಳಿ, ನನ್ನ ಕಡೆ ತಿರುಗಿದರು. "ಬಾ ವಾಸು. ಖರ್ಚು ಮಾಡದವರನ್ನು ಒಳಗೆ ಬಿಡುವುದಿಲ್ಲ ಅಂದ್ರೆ ನಮ್ಮ ಊರಿನವರು ಯಾರಿಗೂ ಇಲ್ಲಿ ಕಾಫಿ ಸಿಕ್ಲಿಕ್ಕಿಲ್ಲ."

ಒಳಗೆ ಅಕ್ಕ ಕಿಟಕಿಯ ಬಳಿ ಇಬ್ಬರೇ ಕೂರುವ ಟೇಬಲ್ಲು ಹಿಡಿದಳು. ನನಗೆ ಸ್ವಲ್ಪ ದೂರದ ಎತ್ತರದ ಸ್ಟೂಲು ತೋರಿಸಿ, "ನೀನು ಅಲ್ಲಿ. ನೋಡು ಅಷ್ಟೆ, ಮಾತಾಡ್ಬೇಡ" ಎಂದಳು. ಭಾವನಿಗೆ ಏಳಲು ನೆಪ ಸಿಗಬಾರದೆಂದು ಇಬ್ಬರ ತಟ್ಟೆಯನ್ನೂ ತಾನೇ ತಂದಳು. ಇಡ್ಲಿ, ವಡೆ, ಸಾಂಬಾರು, ಒಂದು ಬಟ್ಟಲಲ್ಲಿ ಮೊಸರನ್ನ. ಭಾವ ಕೂತರು. ಕಾಲು ಒಳಗೆಳೆದುಕೊಂಡು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರಂತೆ ಕೂತರು. ಸಾಂಬಾರು ಬಾಯಿಗಿಟ್ಟರು.

"ಹೇಗುಂಟು?" ಎಂದಳು ಅಕ್ಕ.

"ಉಂಟು."

"ಅಷ್ಟೇ ಸಾಕು. ಮುಂದೆ ಹೇಳ್ಬೇಡಿ."

"ಅಲ್ಲ, ಬೇಳೆ..."

"ಬೇಡ ಅಂದೆ."

ಭಾವ ಸುಮ್ಮನಾದರು, ಆದರೆ ಅವರ ಎಡಗೈ ಸುಮ್ಮನಾಗಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಯಾರೋ ಬಿಟ್ಟುಹೋದ ತಟ್ಟೆಗಳನ್ನು ಅದು ಒಂದರ ಮೇಲೊಂದು ಪೇರಿಸಿ, ಮೇಲೆ ಕಪ್ಪು ಇಟ್ಟು, ಚಮಚಗಳನ್ನು ಕಪ್ಪಿನೊಳಗೆ ನಿಲ್ಲಿಸಿತು. ಅಕ್ಕ ಆ ಕೈಯನ್ನು ಹಿಡಿದು ಈ ಟೇಬಲ್ಲಿಗೆ ತಂದಿಟ್ಟಳು. ಆಗ ಅವರ ಕಣ್ಣು ದೋಸೆಯ ಕಡೆ ಹೋಯಿತು. ದೋಸೆಗೆ ಉದ್ದದ ಸಾಲು ನಿಂತಿತ್ತು. ಕಾದು ಕೆಂಡವಾದ ಕಾವಲಿಗೆ ದೋಸೆಯವನು ಹಿಟ್ಟು ಹೊಯ್ದ, ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡು ಬಂತು.

"ನೀರು ಚಿಮುಕಿಸ್ಲಿಲ್ಲ" ಎಂದರು ಭಾವ, ರಸ್ತೆ ಅಪಘಾತ ನೋಡಿದವರ ದನಿಯಲ್ಲಿ.

"ನನ್ನನ್ನು ನೋಡಿ" ಎಂದಳು ಅಕ್ಕ.

ಅವರು ನೋಡಿದರು. ಇಡ್ಲಿಯ ಎರಡನೆಯ ತುಂಡನ್ನೂ ಮುರಿದರು. ಈ ಸಲ ಆಗಿಯೇಬಿಟ್ಟಿತು ಎಂದುಕೊಂಡು ನಾನು ನನ್ನ ಮೂರನೆಯ ವಡೆಗೆ ಕೈ ಹಾಕಿದೆ. ಅಷ್ಟರಲ್ಲಿ ಹಿಂದಿನ ಸೋಫಾದಲ್ಲಿ ಲ್ಯಾಪ್‌ಟಾಪಿನೊಳಗೆ ಮುಳುಗಿದ್ದ ಒಬ್ಬ ತಲೆ ಎತ್ತದೆ, ಬಿಳಿ ಶರ್ಟು ಕಂಡ ದಿಕ್ಕಿಗೆ ಎರಡು ಬೆರಳು ತೋರಿಸಿ, "ಬಾಸ್, ದೋ ಕಾಫಿ" ಎಂದ.

"ಲಾಯಾ ಸಾಬ್" ಎಂದು ಭಾವ ಎದ್ದರು.

ಅವರು ಯೋಚಿಸಿ ಎದ್ದದ್ದಲ್ಲ. ಇಡ್ಲಿಯ ತುಂಡು ಬಾಯಿಯ ಹತ್ತಿರದಿಂದ ವಾಪಸ್ಸು ತಟ್ಟೆಗೆ ಹೋಯಿತು, ಮನುಷ್ಯ ಕಾಫಿ ಯಂತ್ರದ ಮುಂದಿದ್ದರು. ಎರಡು ಕಾಫಿ ಕೊಟ್ಟು ಬರುವಾಗ ಇನ್ನೊಬ್ಬ ಹೆಂಗಸು ಚಟ್ನಿ ಕೇಳಿದಳು. ಚಟ್ನಿ ತರಲು ಹೋದವರು ದೋಸೆಯ ಸಾಲು ನೋಡಿದರು. ನಾನು ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಸಾಲು ಎರಡಾಗಿತ್ತು. "ಸಾದಾ ಇಧರ್, ಮಸಾಲಾ ಉಧರ್" ಎನ್ನುತ್ತ ಭಾವ ಕಾವಲಿಗೆ ನೀರು ಚಿಮುಕಿಸಿ ಅದರ ಚುರ್ ಎನ್ನುವ ಸದ್ದಿಗೆ ಕಿವಿ ಕೊಟ್ಟು ನಿಂತಿದ್ದರು. ಪ್ರಯಾಣಿಕರು ಅವರನ್ನು ಲೌಂಜಿನ ಮ್ಯಾನೇಜರ್ ಎಂದುಕೊಂಡರು. ಲೌಂಜಿನವರು ಹೆಡ್ ಆಫೀಸಿನಿಂದ ಬಂದ ಯಾರೋ ಎಂದುಕೊಂಡು ಟೋಪಿ ಸರಿಮಾಡಿಕೊಂಡರು.

ಅಕ್ಕನ ಹತ್ತಿರ ಹೋದೆ. "ಕರೀಲಾ?"

"ನೀನು ಕರೆದ್ರೂ ನಾನು ಕರೆದ್ರೂ 'ಒಂದು ನಿಮಿಷ' ಅಂತಾರೆ. ಮದುವೆಯಾದಂದಿನಿಂದ ಅದೇ ನಿಮಿಷ ನಡೀತಾ ಉಂಟು ವಾಸು."

ಹಾಗೆಂದು ಅವರ ತಟ್ಟೆಯಲ್ಲಿ ಓರೆಯಾಗಿದ್ದ ಚಮಚವನ್ನು ನೇರ ಮಾಡಿದಳು. ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಖಾಲಿ ಕುರ್ಚಿಯನ್ನು ನೋಡುತ್ತ ಸೀರೆಯ ಸೆರಗನ್ನು ಮಡಿಚುತ್ತ ಬಿಚ್ಚುತ್ತ ಕೂತಳು. ನಾನು ವಡೆ ಹಿಡಿದುಕೊಂಡೇ ನಿಂತೆ.

ಆಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿದಳು. ಚಮಚ ತೆಗೆದುಕೊಂಡು ಟೇಬಲ್ಲಿಗೆ ಟಕಟಕ ಬಡಿದಳು.

"ಓ ಭಯ್ಯಾ. ಇಧರ್ ಕೋಯೀ ದೇಖನೇವಾಲಾ ಹೈ ಕಿ ನಹೀ?"

ಭಾನುವಾರ ಬೆಳಿಗ್ಗೆ ನೌಪಾಡಾದ ಹೋಟೆಲಿನಲ್ಲಿ ಕಾದು ಕಾದು ರೇಗಿದ ಗಿರಾಕಿಯ ದನಿ ಅದು, ಒಂದಿಷ್ಟೂ ವ್ಯತ್ಯಾಸವಿಲ್ಲ. ಭಾವ ಸೌಟು ಬಿಟ್ಟು, ತಲೆ ತಗ್ಗಿಸಿ, ಟೇಬಲ್ಲುಗಳ ನಡುವೆ ನುಸುಳಿಕೊಂಡು ಓಡಿ ಬಂದರು. "ಬೋಲಿಯೇ ಮೇಡಂ" ಎಂದ ಮೇಲೆ ತಲೆ ಎತ್ತಿದರು.

ಅಕ್ಕ ನಗಲಿಲ್ಲ. "ಎಷ್ಟು ಹೊತ್ತಾಯ್ತು ಕೂತು. ಎದುರಿನ ಕುರ್ಚಿಗೆ ಒಬ್ಬರನ್ನು ಹೇಳಿದ್ದೆ. ಬರ್ತದಾ, ಇಲ್ಲ ಖಾಲಿಯಾಯ್ತಾ?"

ಭಾವ ಅವಳನ್ನು ನೋಡಿದರು, ಆರಿಹೋದ ಇಡ್ಲಿಯನ್ನು ನೋಡಿದರು, ರೇಷ್ಮೆ ಸೀರೆಯನ್ನು ಬಹುಶಃ ಆಗಲೇ ಮೊದಲ ಸಲ ನೋಡಿದರು. ಕೈಯನ್ನು ಪ್ಯಾಂಟಿಗೆ ಒರಸಿಕೊಂಡರು.

"ಖಾಲಿ ಎಂತಕ್ಕೆ ಆಗ್ತದೆ" ಎಂದರು. "ಬಂತು. ಬಿಸಿ ಇಲ್ಲ, ಅಷ್ಟೆ."

"ನಡೀತದೆ" ಎಂದಳು ಅಕ್ಕ.

ಅವರು ಕೂತರು. ಮಸಾಲೆಯ ಸಾಲು ಸಾದಾ ಸಾಲಿನೊಳಗೆ ಕಲಸಿಹೋಯಿತು, ಲ್ಯಾಪ್‌ಟಾಪಿನವನು ಮತ್ತೆ ಬೆರಳು ತೋರಿಸಿದ, ಎಲ್ಲೋ ಒಂದು ಲೋಟ ಬಿತ್ತು. ಪ್ರತಿ ಸದ್ದಿಗೂ ಭಾವನ ಬೆನ್ನು ಒಂದಿಷ್ಟು ಎದ್ದು ಮತ್ತೆ ಕುರ್ಚಿಗೆ ಸೇರಿತು. ಅವರಿಬ್ಬರೂ ಮಾತಾಡತೊಡಗಿದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಅಕ್ಕ ಒಮ್ಮೆ ಬಾಯಿಗೆ ಸೆರಗು ಹಿಡಿದು ನಕ್ಕದ್ದು ಕಂಡಿತು.

ಲೌಂಜಿನಲ್ಲಿ ವಿಮಾನದ ಘೋಷಣೆ ಕೇಳಿಸುವುದಿಲ್ಲ. ಅನಘ ಲಾಭಗಳ ಪಟ್ಟಿಯಲ್ಲಿ ಓದಿದ ಶಾಂತಿ ಎಂದರೆ ಇದೇ ಎಂದು ಗೋಡೆಯ ಪರದೆಯಲ್ಲಿ ನಮ್ಮ ವಿಮಾನದ ಮುಂದೆ ಕೆಂಪಕ್ಷರ ಕಂಡಾಗ ನನಗೆ ಹೊಳೆಯಿತು. ಓಡಿದೆ.

"ಭಾವ, ಲಾಸ್ಟ್ ಕಾಲ್."

ಅಕ್ಕ ಕುರ್ಚಿ ಹಿಂದಕ್ಕೆ ಸರಿಸಿದಳು. ಭಾವ ಅಂಗೈ ಅಡ್ಡ ಹಿಡಿದು ಅವಳನ್ನು ತಡೆದರು.

"ಅವಳದ್ದು ಮೊಸರನ್ನ ಬಾಕಿ ಉಂಟು."

"ಗೇಟು ಮುಚ್ತದೆ ಭಾವ."

"ಮುಚ್ಚುವ ಹೊತ್ತಿಗೆ ನಾವು ಉಣ್ಣುವ ಗಿರಾಕಿಯನ್ನು ಎಬ್ಬಿಸ್ತೇವಾ? ಶಟರು ಅರ್ಧ ಎಳೆದು ಕಾಯ್ತೇವೆ. ಅವರೂ ಕಾಯ್ಲಿ."

"ಅದು ವಿಮಾನ. ಶಟರು ಅರ್ಧ ಎಳೀಲಿಕ್ಕೆ ಬರುದಿಲ್ಲ ಅವರಿಗೆ."

"ಹಾಗಾದ್ರೆ ಅವರಿಗೆ ವ್ಯಾಪಾರ ಗೊತ್ತಿಲ್ಲ ಮಾರಾಯ."

ನಾನು ಅಕ್ಕನ ಮುಖ ನೋಡಿದೆ. ಹಾಲಿನವನು ತಡವಾದರೆ ಬಾಗಿಲಲ್ಲಿ ನಿಂತು ಕಾಯುವವಳು, ರೈಲಿಗೆ ಒಂದು ಗಂಟೆ ಮೊದಲೇ ಪ್ಲ್ಯಾಟ್‌ಫಾರಮ್ಮಿಗೆ ಬರುವವಳು. ಅವಳು ಎದ್ದಿದ್ದರೆ ಭಾವನೂ ಏಳುತ್ತಿದ್ದರು. ಅವಳು ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು, ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿ, ನಿಧಾನವಾಗಿ ಉಣ್ಣತೊಡಗಿದಳು. ಉಂಡು ಮುಗಿಸಿ, ಕೈ ತೊಳೆದು, ಒರಸಿಕೊಂಡು ಬಂದಳು. ಅವಳು ಬಂದ ಮೇಲೆ ಭಾವ ಎದ್ದರು.

ಗೇಟಿನಲ್ಲಿದ್ದ ಹುಡುಗ ಬಹಳ ವಿನಯದಿಂದ, ವಿಮಾನ ಹೋಯಿತು ಎಂದ. ಸಂಜೆಯ ವಿಮಾನಕ್ಕೆ ಬೇರೆ ಟಿಕೆಟು ತೆಗೆದದ್ದಾಯಿತು. ಈ ಖರ್ಚು ಮೆಂಬರ್‌ಶಿಪ್ಪಿನ ಲಾಭಕ್ಕೆ ಸೇರಬೇಕೋ ನಷ್ಟಕ್ಕೆ ಸೇರಬೇಕೋ ಎಂದು ಅಕೌಂಟ್ಸ್ ವಿಭಾಗದ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಟಿಕೆಟನ್ನು ಮಾತ್ರ ನನ್ನ ಕಾರ್ಡಿನಲ್ಲೇ ತೆಗೆದೆ. ಮುಂದಿನ ಮೂರು ತಿಂಗಳಾದರೂ ಖರ್ಚು ಮಾಡುವವನೆಂದು ಬ್ಯಾಂಕಿಗೆ ಗೊತ್ತಾಗಲಿ.

ಗೇಟಿನ ಬಳಿ ಕಾಯುತ್ತಿರುವಾಗ ಅನಘಳ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು.

"ಪಹುಂಚ್ ಗಯೇ ಉಡುಪಿ?"

"ಇಲ್ಲ ಮಗಾ. ವಿಮಾನ ಹೋಯ್ತು. ನಾವು ಇಲ್ಲೇ ಇದ್ದೇವೆ."

"ಪಪ್ಪಾ ಕಿಧರ್ ಹೈ? ಕಿಚನ್ ಮೇ?"

ಗೇಟಿನ ಬಳಿಯ ಕುರ್ಚಿಗಳು ಒಂದೇ ಸಾಲಿನಲ್ಲಿದ್ದವು, ಎಲ್ಲವೂ ಗಾಜಿನ ಗೋಡೆಗೆ ಮುಖ ಮಾಡಿಕೊಂಡು. ಭಾವ ತಮ್ಮ ಸೂಟ್‌ಕೇಸನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಗೋಡೆಗೆ ಬೆನ್ನು ಹಾಕಿ ಅದರ ಮೇಲೆ ಕೂತು, ಅಕ್ಕ ಕೊಟ್ಟ ಕೋಡುಬಳೆ ಮುರಿಯುತ್ತಿದ್ದರು.

"ಇಲ್ಲೇ ಇದ್ದಾರೆ" ಎಂದಳು ಅಕ್ಕ. "ನನ್ನ ಎದುರು."