ಏಳನೇ ತರಗತಿಯ ಮೂವತ್ತನಾಲ್ಕು ಗೈರು

2016ರಲ್ಲಿ ನಾನು ಗಜೇಂದ್ರಗಡದಿಂದ ಮುಶಿಗೇರಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅಂದಿನ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಒಬ್ಬಳ ಹೆಸರನ್ನು ಮಾತ್ರ ಅವಳನ್ನೇ ಕೇಳಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಅವಳು, “ಬರೀರಿ ಅಕ್ಕಾರ, ಹೆಸರ ಬರೀಲಿಲ್ಲ ಅಂದ್ರ ಸಿಟ್ಟಾಕ್ಕೇನಿ ನೋಡ್ರಿ” ಎಂದಳು. ನಮ್ಮ ಕಡೆ ಶಿಕ್ಷಕಿಯರನ್ನು ಹೀಗೆ ಅಕ್ಕಾರ ಎಂದು ಕರೆಯುವುದು ರೂಢಿ.

ಆ ವರ್ಷ ಜೂನ್‌ನಲ್ಲಿ ನಮ್ಮ ಮನೆಯವರು ಗಣಿತ ಶಿಕ್ಷಕರಾಗಿ ಅದೇ ಶಾಲೆಗೆ ಬಂದರು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ಹತ್ತಿರದ ಸ್ಥಳ ಕೇಳಲು ವರ್ಗಾವಣೆಯಲ್ಲಿ ಅವಕಾಶವಿದೆ. ಇಲಾಖೆಯ ಭಾಷೆಯಲ್ಲಿ ಅದು ‘ಪತಿ-ಪತ್ನಿ ಪ್ರಕರಣ’. ಅದುವರೆಗೆ ರೋಣದ ಆಚೆಯ ಶಾಲೆಗೆ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಆದೇಶ ಕೈಗೆ ಬಂದ ದಿನ, “ಇನ್ನ ಸಾಲ್ಯಾಗೂ ನಿನ್ನ ಮಾತ ಕೇಳಬೇಕಾತಲ್ಲ” ಎಂದು ನಕ್ಕಿದ್ದರು. ಕಳೆದ ಪುಷ್ಯ ಮಾಸದಲ್ಲಿ ಅವರು ತೀರಿಕೊಂಡರು. ಮನೆ ಶಾಂತವಾಗಿದೆ. ಹೊತ್ತು ಕಳೆಯಲೆಂದು ಕುಳಿತರೆ ನೆನಪಿಗೆ ಬರುವುದು ಅವರ ಒಳ್ಳೆಯ ದಿನಗಳಲ್ಲ. ನಾವಿಬ್ಬರೂ ತಲೆ ತಗ್ಗಿಸಿದ ಆ ಒಂದು ಆಗಸ್ಟ್ ತಿಂಗಳು.

ಅವರು ಕೆಟ್ಟ ಶಿಕ್ಷಕರಾಗಿರಲಿಲ್ಲ. ಕೈವಾರವಿಲ್ಲದೆ ಬೋರ್ಡಿನ ಮೇಲೆ ವೃತ್ತ ಬರೆದರೆ ಮಕ್ಕಳು ಬೆರಗಾಗುತ್ತಿದ್ದರು. ರಜೆ ಹಾಕುತ್ತಿರಲಿಲ್ಲ. ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ. ಆದರೆ ಅವರ ನಾಲಿಗೆಯಲ್ಲಿ ಒಂದು ಮುಳ್ಳಿತ್ತು. ಜುಲೈ ಕೊನೆಯಲ್ಲಿ ಮೊದಲ ಘಟಕ ಪರೀಕ್ಷೆ ಮುಗಿಯಿತು. ಒಂದು ಪಾಠ ಮುಗಿದಾಗ ನಡೆಸುವ ಇಪ್ಪತ್ತೈದು ಅಂಕಗಳ ಸಣ್ಣ ಪರೀಕ್ಷೆ ಅದು. ಮರುದಿನದಿಂದ ಅವರು ಏಳನೇ ತರಗತಿಯ ಹಾಜರಿಯನ್ನು ಹೆಸರಿನ ಬದಲು ಅಂಕದಿಂದ ಕರೆಯತೊಡಗಿದರು.

“ಏಳು!”

“ಹಾಜರ್ರಿ.”

“ಮೂರು! ಎಲ್ಲಿ ನಮ್ಮ ಮೂರು?”

“ಹಾಜರ್ರಿ ಸರ್.”

ನಾಚಿಕೆಯಾದರೆ ಓದುತ್ತಾರೆ ಎಂಬುದು ಅವರ ಲೆಕ್ಕ. ನನ್ನ ಕೋಣೆಗೂ ಆ ತರಗತಿಗೂ ನಡುವೆ ಒಂದೇ ಗೋಡೆ. ಎಲ್ಲವೂ ನನಗೆ ಕೇಳುತ್ತಿತ್ತು. ಮೊದಲ ದಿನ ನಾನೂ ನಕ್ಕೆ. ಇದನ್ನು ಮುಚ್ಚಿಡುವುದಿಲ್ಲ.

ಆ ತರಗತಿಯಲ್ಲಿ ಗಂಗವ್ವ ಎಂಬ ಹುಡುಗಿ ಇದ್ದಳು. ತಂದೆ ಇರಲಿಲ್ಲ. ತಾಯಿ ದಿನಾ ಬೆಳಗಿನ ಬಸ್ಸಿಗೆ ಗಜೇಂದ್ರಗಡಕ್ಕೆ ಹೋಗಿ ಒಂದು ಮಗ್ಗದ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಪರೀಕ್ಷೆಯ ದಿನ ಗಂಗವ್ವ ತಮ್ಮನ ಜವಳಕ್ಕೆಂದು, ಅಂದರೆ ಮೊದಲ ಸಲ ಕೂದಲು ತೆಗೆಸಲು, ಮನೆಯವರ ಜೊತೆ ಇಟಗಿಯ ಗುಡಿಗೆ ಹೋಗಿದ್ದಳು. ಮುಂಚೆಯೇ ರಜೆ ಚೀಟಿ ಕೊಟ್ಟಿದ್ದಳು. ನಿಯಮದ ಪ್ರಕಾರ ಅವಳ ಹೆಸರಿನ ಮುಂದೆ ಗೈರು ಎಂದು ಬರೆದು, ಇನ್ನೊಂದು ದಿನ ಪರೀಕ್ಷೆ ಕೊಡಬೇಕಿತ್ತು. ನಮ್ಮ ಮನೆಯವರು ಸೊನ್ನೆ ಹಾಕಿದರು. “ನಂಗೊಂದ ಪೇಪರ ಕೊಡ್ರಿ ಸರ್” ಎಂದು ಅವಳು ಕೇಳಿದ್ದಕ್ಕೆ, “ಇಟಗಿಂದ ಪ್ರಸಾದ ತಂದೀ, ಗಣಿತ ತರಲಿಲ್ಲೇನ?” ಎಂದರು. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಹಾಜರಿಯಲ್ಲಿ ಅವಳು ‘ಸೊನ್ನಿ’.

ಆ ಹೆಸರು ಶಾಲೆಯ ಗೇಟು ದಾಟಿತು. ಮೂರನೇ ತರಗತಿಯ ಚಿಕ್ಕವರು ಹಿಂದೆ ಬಿದ್ದು ಕೂಗಿದರು. ಕಿರಾಣಿ ಅಂಗಡಿಯವನು, “ಏನ ಬೇಕವಾ ಸೊನ್ನವ್ವಾ?” ಎಂದು ಕೇಳಿದನಂತೆ. ಆಗಸ್ಟ್ ಮೂರನೇ ವಾರದಿಂದ ಗಂಗವ್ವ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನದಿಂದ ತಾಯಿ ಅವಳನ್ನು ಮಗ್ಗದ ಮನೆಗೆ ಕಂಡಿಕೆ ಸುತ್ತಲು ಕರೆದುಕೊಂಡು ಹೋಗತೊಡಗಿದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ. ಒಮ್ಮೆ ಆ ಕೆಲಸಕ್ಕೆ ಕೈ ಹೊಂದಿಕೊಂಡ ಹುಡುಗಿಯರು ಮರಳಿ ಪಾಟಿಚೀಲ ಹಿಡಿದದ್ದನ್ನು ನಾನು ಹೆಚ್ಚು ಕಂಡಿಲ್ಲ. ಸತತ ಏಳು ದಿನ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ನಾವು ಮೇಲಕ್ಕೆ ವರದಿ ಮಾಡಬೇಕಿತ್ತು.

ಆರನೆಯ ದಿನ ಸೋಮವಾರ. ಪ್ರಾರ್ಥನೆ ಮುಗಿದು ಹತ್ತು ನಿಮಿಷವಾಗಿತ್ತು. ಬಿಸಿಯೂಟದ ಅಡುಗೆಯ ನೀಲವ್ವ ಸೆರಗಿಗೆ ಕೈ ಒರೆಸುತ್ತ ನನ್ನ ಕೋಣೆಗೆ ಬಂದಳು. ಊಟಕ್ಕೆ ಎಷ್ಟು ಮಕ್ಕಳು ಎಂದು ಪ್ರತಿ ತರಗತಿಯಿಂದ ಬೆಳಿಗ್ಗೆ ಒಂದು ಚೀಟಿ ಅಡುಗೆಮನೆಗೆ ಹೋಗುತ್ತದೆ. ನೀಲವ್ವ ಏಳನೇ ತರಗತಿಯ ಚೀಟಿಯನ್ನು ನನ್ನ ಮುಂದಿಟ್ಟಳು. ಅದರಲ್ಲಿ ಹಾಜರಿ ಇಲ್ಲ ಎಂದು ಗೆರೆ ಎಳೆದಿತ್ತು.

“ಅಕ್ಕಾರ, ಒಬ್ರೂ ಬಂದಿಲ್ಲಂತ. ನಾ ಈಗ ಕಿಡಕ್ಯಾಗ ಹಣಿಕಿ ಹಾಕಿ ಬಂದೇನಿ, ಕ್ವಾಣಿ ತುಂಬ ಕುಂತಾವು. ಅಕ್ಕಿ ಹಾಕ್ಲೋ ಬ್ಯಾಡೋ?”

“ಹಾಕು” ಎಂದು ಹೇಳಿ ನಾನು ಎದ್ದೆ.

ಮಕ್ಕಳು ಕೈ ಕಟ್ಟಿ ಕುಳಿತಿದ್ದರು. ನಮ್ಮ ಮನೆಯವರು ಮೇಜಿನ ಬಳಿ ನಿಂತಿದ್ದರು, ಮುಖ ಕೆಂಪಾಗಿತ್ತು. ಹಾಜರಿ ಪುಸ್ತಕ ತೆರೆದಿತ್ತು. ಮೂವತ್ತನಾಲ್ಕು ಹೆಸರುಗಳ ಮುಂದೆಯೂ ‘ಗೈ’. ಕರೆದಾಗ ಯಾರೂ ಉತ್ತರ ಕೊಡದ್ದರಿಂದ ಎಲ್ಲರನ್ನೂ ಗೈರು ಮಾಡಿದ್ದರು. ಆ ಮೂವತ್ತನಾಲ್ಕರಲ್ಲಿ ಖರೇ ಗೈರು ಒಂದೇ, ಗಂಗವ್ವನದು.

“ಯಾಕ ಹಾಜರಿ ಹೇಳವಲ್ರಿ?” ಎಂದು ಮಕ್ಕಳನ್ನು ಕೇಳಿದೆ.

ಮೊದಲ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಇಪ್ಪತ್ತೈದಕ್ಕೆ ಇಪ್ಪತ್ತೈದು ತೆಗೆದವನು. ಅವನಿಗೆ ಯಾವ ಅವಮಾನವೂ ಆಗಿರಲಿಲ್ಲ ಎಂದು ನಾನು ತಿಳಿದಿದ್ದೆ.

“ಹೆಸರ ಕರದ್ರ ಹೇಳತೇವ್ರಿ ಅಕ್ಕಾರ. ನನಗೂ ಹೆಸರೈತ್ರಿ.”

ಹಿಂದಿನಿಂದ ಒಂದು ಸಣ್ಣ ದನಿ ಸೇರಿಸಿತು: “ಗಂಗವ್ವಗೂ ಐತ್ರಿ.” ಇನ್ನೊಂದು ದನಿ ಇನ್ನೂ ಮೆಲ್ಲಗೆ, “ಮೈನಸ್ ಸರ್ಗೂ ಐತಿ” ಎಂದಿತು. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮಕ್ಕಳು ಅವರಿಗೆ ಇಟ್ಟ ಹೆಸರು ನನಗೆ ಗೊತ್ತಾದದ್ದು ಆಗಲೇ. ಅವರಿಗೂ ಆಗಲೇ.

ಎದುರಿಗೆ ಕುಳಿತ ಮಕ್ಕಳನ್ನು ಗೈರೆಂದು ಬರೆಯುವುದು ಸುಳ್ಳು ದಾಖಲೆ. ಮುಖ್ಯಸ್ಥಳಾದ ನಾನು ಲಿಖಿತ ವಿವರಣೆ ಕೇಳಲೇಬೇಕು. ಸುದ್ದಿ ತಿಳಿದು ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. “ಗಂಡಗ ನೋಟಿಸ ಕೊಡತೀರೇನ್ರಿ ಅಕ್ಕಾರ? ಮನ್ಯಾಗ ರೊಟ್ಟಿ ಬಡಿಯೂಮುಂದ ಎರಡ ಮಾತ ಬೈರಿ, ಮುಗೀತು” ಎಂದರು. ಅಧ್ಯಕ್ಷರ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಬೇರೆ ಯಾವ ಶಿಕ್ಷಕರೇ ಆಗಿದ್ದರೂ ನಾನು ಎರಡು ವಾರ ಮೊದಲೇ ಗೋಡೆಯಾಚೆ ಹೋಗಿ ತಡೆಯುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಒಂದು ಮಗು ಆ ನನ್ನ ಮೌನದಿಂದಲೇ ಮಗ್ಗದ ಮನೆಯಲ್ಲಿ ಕುಳಿತಿತ್ತು.

ನೋಟಿಸು ಬರೆದು ಮನೆಯವರನ್ನು ಕೋಣೆಗೆ ಕರೆಸಿದೆ. ಅವರು ನಿಂತೇ ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟರು.

“ಇದರಾಗ ನನ್ನ ಹೆಸರ ಎಲ್ಲೈತಿ?”

ನೋಡಿದೆ. ‘ಗಣಿತ ಸಹಶಿಕ್ಷಕರಿಗೆ’ ಎಂದಷ್ಟೇ ಬರೆದಿದ್ದೆ. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ. ಮದುವೆಯ ದಿನ ಮುತ್ತೈದೆಯರು ಬಾಗಿಲಿಗೆ ಅಡ್ಡ ನಿಂತು ಬಿಡದಿದ್ದಾಗ ಒಡಪಿನಲ್ಲಿ ಒಮ್ಮೆ ಹೇಳಿದ್ದೆ, ಪ್ರಾಸದ ನಡುವೆ ಅಡಗಿಸಿ, ಅವಸರದಲ್ಲಿ. ಅರ್ಜಿ ಫಾರ್ಮುಗಳಲ್ಲಿ ಬರೆದದ್ದುಂಟು. ಆದರೆ ಅವರಿಗೇ ಒಂದು ಪತ್ರ ಬರೆಯುವಾಗ ಕೈ ತಾನಾಗಿ ಆ ಹೆಸರನ್ನು ದಾಟಿ ಹೋಗಿತ್ತು.

“ಹೆಸರಿಲ್ಲದ ನೋಟಿಸ ನಾ ತಗೋಳೂದಿಲ್ಲ” ಎಂದರು.

“ಹೆಸರಿಲ್ಲದ ಹಾಜರಿ ಆ ಹುಡುಗ್ರು ಹೇಳಬೇಕೇನ್ರಿ?”

ಈ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ. ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ನಾನು ಪೆನ್ನು ತೆಗೆದು ಹೆಸರು ಸೇರಿಸಿದೆ. ಅವರು ಸಹಿ ಮಾಡಿ ನೋಟಿಸು ತೆಗೆದುಕೊಂಡು ಹೋದರು.

ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಅವರು ಬೇರೆ ಸೀಟಿನಲ್ಲಿ ಕುಳಿತರು. ಕಂಡಕ್ಟರ್, “ಏನ ಅಕ್ಕಾರ, ಸರ್ ಇವತ್ತ ಪರವೂರಿನವ್ರಾಗ್ಯಾರಲ್ಲ?” ಎಂದ. ನಾನು ಕಿಟಕಿ ಕಡೆ ನೋಡಿದೆ. ಮನೆ ತಲುಪಿ ಚಹಾ ಮುಂದಿಟ್ಟ ಮೇಲೆ ಅವರೇ ಮಾತು ತೆಗೆದರು.

“ನರಗುಂದದಾಗ ನಮ್ಮ ಮಂದಿ ನನಗ ಅರ್ಧ್ಯಾ ಅಂತಾರಲ್ಲ, ಯಾಕ ಗೊತ್ತೇನು?”

ಅವರ ಊರು ನರಗುಂದ. ಮದುವೆಯಾಗಿ ಇಪ್ಪತ್ತಾರು ವರ್ಷ ಆ ಹೆಸರು ಕೇಳುತ್ತಲೇ ಬಂದಿದ್ದೆ. ಚಿಕ್ಕಂದಿನಲ್ಲಿ ಗಿಡ್ಡಗಿದ್ದರು, ಪ್ರೀತಿಯಿಂದ ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದೆ.

“ಐದನೇ ಕ್ಲಾಸಿನ್ಯಾಗ ಭಿನ್ನರಾಶಿ ಪರೀಕ್ಷಾದಾಗ ನನಗ ಅರ್ಧ ಮಾರ್ಕ್ಸ ಬಿದ್ದಿತ್ತು. ಮಾಸ್ತರ ವರ್ಷಾನಗಟ್ಟಲೆ ಹಂಗ ಕರದ್ರು. ಅದಕ್ಕ ನಾ ಹಟಕ್ಕ ಬಿದ್ದ ಗಣಿತ ಕಲತೆ ಅಂತ ನನಗ ನಾನ ಹೇಳಕೋತ ಬಂದೆ. ಖರೇ ಅಲ್ಲ ಅದು. ಗಣಿತ ಕಲಿಸಿದಾಕಿ ನಮ್ಮವ್ವ, ಸಂತ್ಯಾಗ ಕಾಯಿಪಲ್ಯ ತೂಗಕೋತ.” ಚಹಾದ ಕಪ್ಪನ್ನು ಆಚೆ ಸರಿಸಿ, “ಮಾಸ್ತರ ಕಲಿಸಿದ್ದು ಹಿಂಗ ಸೊನ್ನಿ ಅಂತ ಕರಿಯೂದಷ್ಟ” ಎಂದರು. ಚಹಾ ತಣ್ಣಗಾಗಿತ್ತು. ಮತ್ತೆ ಕಾಸಿ ಕೊಟ್ಟೆ.

ಏಳನೆಯ ದಿನ ನಾವು ದಿನಕ್ಕಿಂತ ಮುಂಚಿನ ಬಸ್ಸಿಗೆ ಹೊರಟೆವು. ಶಾಲೆಯ ಊರಿನ ನಿಲ್ದಾಣದಲ್ಲಿ ಇಳಿದಾಗ ಗಂಗವ್ವ ಮತ್ತು ಅವಳ ತಾಯಿ ಗಜೇಂದ್ರಗಡದ ಬಸ್ಸಿಗಾಗಿ ನಿಂತಿದ್ದರು. ಹುಡುಗಿಯ ಕೈಯಲ್ಲಿ ಬುತ್ತಿ ಗಂಟಿತ್ತು. ನಮ್ಮ ಮನೆಯವರು ಹತ್ತಿರ ಹೋಗಿ, “ಗಂಗವ್ವ” ಎಂದರು. ಹುಡುಗಿ ತಾಯಿಯ ಬೆನ್ನ ಹಿಂದೆ ಸರಿದಳು.

“ಆಕಿ ಹೆಸರ ಗೊತ್ತೈತೇನ್ರಿ ನಿಮಗ?” ಎಂದಳು ತಾಯಿ. ಆ ಪ್ರಶ್ನೆ ನನಗೂ ತಾಗಿತು.

“ಮರತಿದ್ದೆ, ತಂಗೆವ್ವ. ಆವತ್ತ ಆಕಿ ಪರೀಕ್ಷಾಕ್ಕ ಬಂದಿದ್ದಿಲ್ಲ, ಚೀಟಿನೂ ಕೊಟ್ಟಿದ್ಲು. ಸೊನ್ನಿ ಹಾಕಿದ್ದು ನನ್ನ ತಪ್ಪು.” ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದು ತೋರಿಸಿದರು. “ಇವತ್ತ ಕುಂತ ಬರೀಲಿ.”

ಬಸ್ಸು ಬಂತು. ತಾಯಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. “ಇವತ್ತೊಂದಿನ ಬಿಟ್ಟ ಹೊಂಟೇನ್ರಿ. ಸಂಜಿಕೆ ಆಕಿ ಅತ್ತಕೋತ ಮನಿಗೆ ಬಂದ್ರ ನಾಳಿಂದ ನನ್ನ ಕೂಡ.” ಬಸ್ಸು ಹೋಯಿತು. ಗಂಗವ್ವ ಬುತ್ತಿ ಹಿಡಿದುಕೊಂಡು ನಮ್ಮಿಂದ ಹತ್ತು ಹೆಜ್ಜೆ ಹಿಂದೆ ಶಾಲೆಗೆ ನಡೆದಳು.

ಅಂದು ಗೋಡೆಯಾಚೆಯಿಂದ ಮೂವತ್ತಮೂರು ಹೆಸರುಗಳು, ಮೂವತ್ತಮೂರು ಉತ್ತರಗಳು ಕೇಳಿದವು. “ಗಂಗವ್ವ” ಎಂದಾಗ ಉತ್ತರ ಬರಲಿಲ್ಲ.

“ಹೇಳಬ್ಯಾಡ ಬಿಡವಾ. ನೀ ಬಂದದ್ದು ನನಗ ಕಾಣತೈತಿ” ಎಂದು ಅವರು ಹಾಜರಿ ಹಾಕಿಕೊಂಡರು.

ಪರೀಕ್ಷೆಯಲ್ಲಿ ಅವಳಿಗೆ ಎಷ್ಟು ಬಂತೆಂದು ಅವರು ಯಾರಿಗೂ ಹೇಳಲಿಲ್ಲ, ನನಗೂ. ಸಂಜೆ ಅವಳು ಅಳುತ್ತ ಹೋಗಲಿಲ್ಲ. ಸೋಮವಾರದ ಪುಟವನ್ನು ಕಾರಣ ಬರೆದು, ಇಬ್ಬರ ಸಹಿಯೊಂದಿಗೆ ತಿದ್ದಿದೆವು. ಮೇಲಿನ ಕಚೇರಿಯಿಂದ ಅವರಿಗೆ ಎಚ್ಚರಿಕೆಯ ಪತ್ರ ಬಂತು. ಅದನ್ನು ಮಡಿಚಿ ತಮ್ಮ ಗಣಿತ ಪುಸ್ತಕದಲ್ಲಿಟ್ಟುಕೊಂಡರು. ಆದರೆ ಗಂಗವ್ವ ಮಾತ್ರ ಹಾಜರಿ ಹೇಳಲಿಲ್ಲ. ಅವರು ದಿನಾ ಅವಳ ಹೆಸರು ಕರೆಯುವರು, ಒಂದು ಗಳಿಗೆ ಕಾಯುವರು, ಹಾಜರಿ ಹಾಕುವರು. ದಸರಾ ರಜೆ ಮುಗಿದ ಮೇಲೆ ಒಂದು ರಾತ್ರಿ ಊಟಕ್ಕೆ ಕುಳಿತಾಗ, “ಇವತ್ತ ಹೇಳಿದಳು. ನೆಗಡಿ ಆಗೇತಿ, ದನಿ ಕುಂತೈತಿ, ಆದ್ರ ಹೇಳಿದಳು” ಎಂದರು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

2022ರಲ್ಲಿ ಅವರ ನಿವೃತ್ತಿಯ ಬೀಳ್ಕೊಡುಗೆಗೆ ಗಂಗವ್ವ ಬಂದಿದ್ದಳು, ಗಜೇಂದ್ರಗಡದ ಕಾಲೇಜಿನಿಂದ ನೇರವಾಗಿ. “ಸರ್, ನೀವು ಮೂವತ್ತೆಂಟ ದಿನ ಕಾಯ್ದೀರಿ. ನಾ ಎಣಿಸೇನಿ” ಎಂದಳು. ಅವರು, “ನಾನೂ ಎಣಿಸಿದ್ದೆ” ಎಂದರು. ಇಬ್ಬರೂ ನಕ್ಕರು. ಕಣ್ಣು ಒರೆಸಿಕೊಂಡವಳು ನಾನೊಬ್ಬಳೇ.

ಕಳೆದ ಚಳಿಗಾಲದಲ್ಲಿ ಅವರು ಗದಗಿನ ಒಂದು ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದರು. ಕೊನೆಯ ದಿನಗಳಲ್ಲಿ ಹೆಚ್ಚು ಮಾತಿರಲಿಲ್ಲ. ಒಂದು ಬೆಳಿಗ್ಗೆ ಎಳೆಯ ವಯಸ್ಸಿನ ನರ್ಸ್ ಔಷಧಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತು, “ಹದಿನಾಲ್ಕು! ಹದಿನಾಲ್ಕರ ಕಡೆಯವ್ರು ಯಾರ್ರಿ?” ಎಂದು ಕೂಗಿದಳು. ಪಾಪ, ಆ ಹುಡುಗಿಗೆ ಒಂದು ವಾರ್ಡು ತುಂಬ ಜನ. ಅವಳದೇನೂ ತಪ್ಪಿರಲಿಲ್ಲ.

“ಅವರಿಗೆ ಹೆಸರೈತವಾ” ಎಂದೆ.

“ಏನ್ರಿ ಅಜ್ಜಿ, ಹೆಸರು?”

ಒಡಪಿರಲಿಲ್ಲ, ಬಾಗಿಲಿಗೆ ಅಡ್ಡ ನಿಂತ ಮುತ್ತೈದೆಯರಿರಲಿಲ್ಲ. ಅವರ ಮುಖ ನೋಡುತ್ತ, ಅವರಿಗೆ ಕೇಳುವಂತೆ, “ಚನ್ನಬಸಪ್ಪ” ಎಂದೆ.

ಅವರು ಕಣ್ಣು ತೆರೆದರು. ತುಟಿಯ ಒಂದು ಬದಿಯಲ್ಲಿ ಆ ಹಳೆಯ ನಗೆ ಕಾಣಿಸಿತು.

“ಹಾಜರ್ರಿ” ಎಂದರು.

ಮೂವತ್ತಮೂರು ವರ್ಷದ ನೌಕರಿಯಲ್ಲಿ ನಾನು ಸಾವಿರಾರು ಹಾಜರಿ ಪುಟಗಳಿಗೆ ಸಹಿ ಮಾಡಿದ್ದೇನೆ. ಮಕ್ಕಳು ಓದನ್ನು ಬಿಡುವುದಕ್ಕೆ ಮೊದಲು ಉತ್ತರ ಕೊಡುವುದನ್ನು ಬಿಡುತ್ತಾರೆ. ಅದು ಗೋಡೆಯಾಚೆಯವರಿಗೂ ಕೇಳುತ್ತದೆ, ಕೇಳಿಸಿಕೊಂಡರೆ. ಹೆಸರು ಕರೆದು ಕಾಯಬೇಕು. ಉತ್ತರ ಬರುವುದು ಮೂವತ್ತೆಂಟನೆಯ ದಿನಕ್ಕಾದರೂ ಸರಿ. ಈಗ ನಾನು ಅವರ ಹೆಸರನ್ನು ದಿನಾ ಗಟ್ಟಿಯಾಗಿಯೇ ಹೇಳುತ್ತೇನೆ, ಬೆಳಿಗ್ಗೆ ಚಹಾ ಕಾಸುವಾಗ. ಉತ್ತರ ಬರುವುದಿಲ್ಲ ಎಂದು ಗೊತ್ತು. ಒಂದು ಗಳಿಗೆ ತಡೆದು, ಹಾಜರಿ ಹಾಕಿಕೊಳ್ಳುತ್ತೇನೆ.