ನಾಲ್ಕನೆಯ ರೀಲು ಎರಡನೆಯದಾದದ್ದು

ಪ್ರತಿಯೊಂದು ಕಥೆಗೂ ಆದಿ, ಮಧ್ಯ, ಅಂತ್ಯಗಳೆಂಬ ಮೂರು ಅವಸ್ಥೆಗಳಿದ್ದು ಅವು ಅದೇ ಕ್ರಮದಲ್ಲಿ ಬರುತ್ತವೆಂದು ಬಲ್ಲವರು ಹೇಳಿದ್ದಾರೆ. ಬಲ್ಲವರು ಯಾರೂ ಟೂರಿಂಗ್ ಟಾಕೀಸಿನಲ್ಲಿ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ. ಆಮೇಲೆ ಹುಣಸೂರಿನ ಚಿತ್ರಮಂದಿರವೊಂದರಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದು, ಅದು ಮದುವೆ ಛತ್ರವಾದ ದಿನ ನಿವೃತ್ತನಾದೆ. ಈಗ ಹೇಳಹೊರಟಿರುವುದು ನಿವೃತ್ತಿಯ ನಂತರದ್ದು, 2023ರ ಫೆಬ್ರವರಿಯ ಒಂದು ಮಧ್ಯಾಹ್ನದ ಪ್ರದರ್ಶನ.

ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವ ಮಹದೇವಪ್ಪ ಮೇಷ್ಟರು ಮೊಜಾಂಬಿಕ್ ದೇಶದ ಹಳೆಯ ಚಿತ್ರವೊಂದರ ಪ್ರಿಂಟನ್ನು ಯಾರಿಂದಲೋ ಎರವಲು ತಂದಿದ್ದರು. ಹದಿನಾರು ಎಂ.ಎಂ., ಕಪ್ಪು ಬಿಳುಪು, ನಾಲ್ಕು ಡಬ್ಬ. ಅದನ್ನು ಓಡಿಸುವ ಪ್ರೊಜೆಕ್ಟರ್ ಸುತ್ತಮುತ್ತ ಉಳಿದಿದ್ದದ್ದು ನನ್ನ ಮನೆಯ ಅಟ್ಟದಲ್ಲಿ ಮಾತ್ರ. ಪೋರ್ಚುಗೀಸರು ಹೋದ ಮೇಲೆ ಆ ದೇಶದವರು ವ್ಯಾನಿನಲ್ಲಿ ಹಳ್ಳಿಹಳ್ಳಿಗೆ ಸಿನಿಮಾ ಒಯ್ದು ತೋರಿಸಿದರಂತೆ. ಆದ್ದರಿಂದ ನಾವೂ ಹಳ್ಳಿಯಲ್ಲೇ ತೋರಿಸತಕ್ಕದ್ದು ಎಂದು ಮೇಷ್ಟರ ಹಟ. ಅಂತರಸಂತೆಯ ಪಕ್ಕದ ಚಿಕ್ಕಣ್ಣೇಗೌಡರು ತಮ್ಮ ಬ್ಯಾರನ್ ಬಿಟ್ಟುಕೊಟ್ಟರು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಎತ್ತರದ ಕೋಣೆ. ಕಿಟಕಿಯಿಲ್ಲ, ಒಂದೇ ಬಾಗಿಲು. ಹಂಗಾಮು ಮುಗಿದು ಖಾಲಿಯಿತ್ತು. ಹಗಲು ಮೂರು ಗಂಟೆಗೇ ಕತ್ತಲೆ ಸಿಗುವ ಚಿತ್ರಮಂದಿರ ಬೇರೆ ಎಲ್ಲಿದೆ?

ಗಾಳಿಕಿಂಡಿಗಳಿಗೆ ಗೋಣಿ ತುರುಕುತ್ತಾ ಗೌಡರು ತಮ್ಮ ಅಕ್ಕ ಜವರಮ್ಮನ ವಿಚಾರ ಹೇಳಿದರು. ಆಕೆಯ ಒಬ್ಬನೇ ಮಗ ನಾಗರಾಜ ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವಾಚರ್ ಆಗಿದ್ದ. ಆರು ವರ್ಷದ ಹಿಂದೆ ಕಾಡಿಗೆ ಹೋದವನು ಬರಲಿಲ್ಲ. ಟವಲು ಮಾತ್ರ ಸಿಕ್ಕಿತು. ಅಂದಿನಿಂದ ಆಕೆ ಜಗಲಿ ಬಿಟ್ಟು ಕದಲಿಲ್ಲ, ನೆಂಟರ ಮನೆಗೂ ಹೋಗಲಿಲ್ಲ, ತಿಥಿ ಮಾಡಲೂ ಬಿಡಲಿಲ್ಲ. ತಿಥಿಯ ದಿನ ಸತ್ತವರಿಗೆ ಎಲೆಯಲ್ಲಿ ಊಟ ಬಡಿಸಿ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ಇಲ್ಲಿನ ಪದ್ಧತಿ. “ಎಡೆ ಇಟ್ರೆ ನನ್ ಮಗ ಸತ್ತ ಅಂತ ನಾನೇ ರುಜು ಹಾಕ್ದಂಗೆ ಅಂತಾಳೆ ಕಣ್ರೀ ನಮ್ಮಕ್ಕ,” ಎಂದರು ಗೌಡರು. ಬ್ಯಾರನ್ ಜಗಲಿಯಿಂದ ಹತ್ತು ಹೆಜ್ಜೆಯಾದ್ದರಿಂದ ಅಂದು ಆಕೆಯೂ ಬಂದು ಮುಂದೆ ಕುಳಿತರು.

ಮೇಷ್ಟರು ಪೀಠಿಕೆ ಹೇಳಿದರು. ಗೋವೆಯನ್ನು ಆಳಿದವರೇ ಅಂಗೋಲಾ, ಮೊಜಾಂಬಿಕ್, ಗಿನಿ ಬಿಸಾವುಗಳನ್ನೂ ಆಳಿದರು, ಜನರಿಂದ ಬಲವಂತವಾಗಿ ಹತ್ತಿ ಬೆಳೆಸಿದರು, ಹತ್ತು ವರ್ಷದ ಹೋರಾಟದ ಮೇಲೆ 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾಯಿತು. ನಮ್ಮ ‘ಮೇಜು’ ಎಂಬ ಮಾತೂ ಅವರದೇ ಎಂದರು. ಜನ ಪ್ರೊಜೆಕ್ಟರ್ ಇಟ್ಟಿದ್ದ ಮೇಜನ್ನು ಸ್ವಲ್ಪ ಸಂಶಯದಿಂದ ನೋಡಿದರು. ಆಮೇಲೆ ಮೇಷ್ಟರಿಗೆ ಪ್ರಿನ್ಸಿಪಾಲರ ಕರೆ ಬಂದು ಅವರು ಹೊರಟುಹೋದರು. ಚಿತ್ರವನ್ನು ಅವರೂ ನೋಡಿರಲಿಲ್ಲ.

ರೀಲಿನ ತುದಿಯಲ್ಲಿ ಲೀಡರ್ ಎಂಬ ಖಾಲಿ ಫಿಲ್ಮ್ ಇರುತ್ತದೆ. ರೀಲಿನ ನಂಬರು ಅದರ ಮೇಲೆ. ಈ ಪ್ರಿಂಟಿನಲ್ಲಿ ಅದು ಹರಿದುಹೋಗಿತ್ತು. ಡಬ್ಬಗಳ ಮೇಲೆ ಪ್ರಿಮೇರಾ, ಕ್ವಾರ್ತಾ, ಸೆಗುಂದಾ, ತೆರ್ಸೇರಾ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದಿತ್ತು. ನಮ್ಮ ಟೆಂಟಿನಲ್ಲಿ ರೀಲುಗಳಿಗೆ ಎ, ಬಿ, ಸಿ, ಡಿ ಹಾಕುವ ವಾಡಿಕೆ. ಹಾಗಾಗಿ ಮೊದಲಕ್ಷರ ನೋಡಿದೆ: ಪಿ, ಕ್ಯೂ, ಎಸ್, ಟಿ. ನಡುವೆ ಆರ್ ಇರಲಿಲ್ಲ. ಇಷ್ಟು ಹಳೆಯ ಪ್ರಿಂಟಿನಲ್ಲಿ ಒಂದು ಅಕ್ಷರ ಕಳೆದುಹೋಗುವುದು ಸಹಜವೆಂದುಕೊಂಡು ಅದೇ ಕ್ರಮದಲ್ಲಿ ಜೋಡಿಸಿದೆ.

ಯಂತ್ರ ಬಾಗಿಲ ಹೊರಗೆ, ಜನ ಒಳಗೆ. ಬಾಗಿಲಿಗೆ ಕಟ್ಟಿದ ಕಂಬಳಿಯ ತೂತಿನಿಂದ ಬೆಳಕು ಎದುರು ಗೋಡೆಗೆ ಹೋಗುತ್ತಿತ್ತು, ನಾನೂ ಅಲ್ಲಿಂದಲೇ ಇಣುಕುತ್ತಿದ್ದೆ. ಮೊದಲ ರೀಲಿನಲ್ಲಿ ಹತ್ತಿ ಹೊರುವ ಯುವಕನೊಬ್ಬ ಸಿಪಾಯಿಯ ಏಟು ತಿಂದು ಕಾಡಿಗೆ ಓಡಿದ. ಎರಡನೆಯದರಲ್ಲಿ ಅವನ ಹೆಣ ಬಂತು. ದೊಡ್ಡ ಮರದಡಿ ಹೂತರು, ತಾಯಿ ಮಣ್ಣು ಹಾಕಿದಳು, ಪೋರ್ಚುಗೀಸರು ಹಡಗು ಹತ್ತಿದರು, ಬಾವುಟ ಏರಿತು. ಕಥೆ ಇಷ್ಟು ಬೇಗ ಮುಗಿದದ್ದಕ್ಕೆ ಆಶ್ಚರ್ಯಪಡುತ್ತಾ ಮೂರನೆಯದನ್ನು ಹಾಕಿದೆ.

ಹೂತವನು ಕಾಡಿನಲ್ಲಿ ನಡೆಯುತ್ತಿದ್ದ.

ಯಂತ್ರ ನಿಲ್ಲಿಸಲು ಅದರ ಗುಂಡಿಗೆ ಕೈಹಾಕಿದೆ. ಒಳಗಿನಿಂದ ಯಾರೂ ಕೂಗಲಿಲ್ಲ, ಕೆಮ್ಮಲೂ ಇಲ್ಲ. ಹಾಗೇ ಓಡಲು ಬಿಟ್ಟೆ. ಆ ರೀಲಿನಲ್ಲಿ ಮಾತಿಲ್ಲ, ಬರೀ ಜೀರುಂಡೆಯ ಸದ್ದು. ರೀಲು ಬದಲಿಸಲು ಯಂತ್ರ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ನಮ್ಮ ಕಾಡಿನ ಜೀರುಂಡೆಗಳಿರಬೇಕು. ಆದರೆ ಅಷ್ಟು ಹೊತ್ತು ನಾನು ಹೊರಗೇ ಕೂತಿದ್ದೆ, ಕೇಳಿರಲಿಲ್ಲ.

ಕೊನೆಯದರಲ್ಲಿ ಅವನು ಮುಸ್ಸಂಜೆಗೆ ಮನೆಗೆ ಬಂದ. ತಾಯಿ ಮಾತಾಡದೆ ಮುದ್ದೆಯಂಥದ್ದನ್ನು ಬಡಿಸಿ ಎದುರಿಗೆ ಕೂತಳು. ಅವನು ಪೂರ್ತಿ ಉಂಡು, ಕೈ ತೊಳೆದು, ಎದ್ದು ಹೋದ. ರೀಲು ಮುಗಿಯಿತು.

ಕಂಬಳಿಯ ಹಿಂದೆ ಯಾವುದೋ ಮುದುಕನ ದನಿ ಸಮಾಧಾನವಾಗಿ, “ಎಡೆಗೆ ಬಂದವ್ನೆ ಬುಡು,” ಎಂದಿತು. ಆಮೇಲೆ ಜವರಮ್ಮನ ದನಿ: “ಚಿಕ್ಕಣ್ಣ, ಬರೋ ಸೋಮಾರನೇ ತಿಥಿ ಮಾಡ್ಬುಡಾನ ಕಣ್ಲಾ. ಬಾಗ್ಲು ಹಾಕ್ಕಳಿ, ನಾನು ಮಾತ್ರ ಒಳಗೇ ಕುಂತ್ಕತೀನಿ. ಆ ತಾಯಿ ಕುಂತಿರ್ಲಿಲ್ವಾ?”

ಸಂಜೆ ಡಬ್ಬ ಒಪ್ಪಿಸುವಾಗ ಮೇಷ್ಟರಿಗೆ ರೀಲು ಹಾಕಿದ ಕ್ರಮವನ್ನೂ ಕಥೆಯನ್ನೂ ಹೇಳಿದ್ದೆ. ರಾತ್ರಿ ಅವರ ಫೋನು ಬಂತು. ಡಬ್ಬ ಹಿಂತಿರುಗಿಸುವ ಮುಂಚೆ ಅದರ ಮೇಲಿನ ಮಾತುಗಳ ಅರ್ಥ ಹುಡುಕಿದ್ದರು. “ಕ್ವಾರ್ತಾ ಅಂದ್ರೆ ನಾಲ್ಕನೇದು ಕಣ್ರೀ. ನೀವು ಹೂತ್ಮೇಲೆ ಎಬ್ಬಿಸಿದ್ದೀರಿ.”

ಅಂದರೆ ಅವನು ಉಂಡುಹೋದದ್ದು ಸಾಯುವ ಮುಂಚೆ. ನನ್ನ ತಪ್ಪನ್ನು ನಂಬಿ ಒಬ್ಬ ತಾಯಿ ಆರು ವರ್ಷ ಹಾಕದ ರುಜು ಹಾಕಲು ಹೊರಟಿದ್ದಾಳೆ. ಬೆಳಗಿನ ಬಸ್ಸಿಗೆ ಹೋಗಿ ಜವರಮ್ಮನಿಗೆ ಎಲ್ಲವನ್ನೂ ಹೇಳಿದೆ: ಪಿ, ಕ್ಯೂ, ಲೀಡರ್, ಯಾವುದನ್ನೂ ಮುಚ್ಚಿಡಲಿಲ್ಲ. ಆಕೆ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು.

“ನೀನು ಡಬ್ಬದ ಮ್ಯಾಲಿರಾದ ಓದ್ದೋನು,” ಎಂದರು. “ನಾನು ಮಕ ನೋಡ್ದೋಳು ಕಣಪ್ಪ. ಅದು ಬದುಕಿರೋನು ಉಣ್ಣಾ ತರ ಅಲ್ಲ.”

ಡಬ್ಬ ತೆರೆದು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡದೆ ರೀಲು ಹಾಕಬಾರದು. ವೃತ್ತಿ ನನಗೆ ಕಲಿಸಿದ ಪಾಠ ಅದು, ಕಲಿಸಿದ್ದು ನಿವೃತ್ತಿಯ ಮೇಲೆ.

ಸೋಮವಾರ ತಿಥಿಯಾಯಿತು. ಜವರಮ್ಮ ಒಳಗೆ ಅರ್ಧ ಗಂಟೆ ಇದ್ದರು. ಬಾಗಿಲು ತೆಗೆದು ಹೊರಗೆ ಬಂದು, “ಸಾರಿಗೆ ಉಪ್ಪು ಸಾಲ್ದಂತೆ ಕಣ್ಲಾ,” ಎಂದರು. ಚಿಕ್ಕಣ್ಣೇಗೌಡರು ಅಡುಗೆಮನೆಗೆ ಹೋಗಿ ರುಚಿ ನೋಡಿದರು. ಉಪ್ಪು ಹಾಕಿರಲಿಲ್ಲ.